ಆ ಪ್ರಶ್ನೆಗೆ ಹೆದರಿ ಆಸ್ಪತ್ರೆ ತಪ್ಪಿಸಬೇಡಿ

ಟೆಕ್ಸಾಸಿನ ಡಲ್ಲಾಸ್‌ಗೆ ಬಂದು ಸಾಮಾನು ಜೋಡಿಸಿಯೂ ಮುಗಿದಿಲ್ಲ. ಹೆಂಡತಿಗೆ ಏಳು ತಿಂಗಳು, ನಿಮ್ಮ ಎಚ್‌-1ಬಿ (ಉದ್ಯೋಗ ವೀಸಾ) ಅವಧಿ ವಿಸ್ತರಣೆಯ ಅರ್ಜಿ ಇನ್ನೂ ಇತ್ಯರ್ಥವಾಗಿಲ್ಲ, ಬಾಣಂತನಕ್ಕೆ ದಾವಣಗೆರೆಯಿಂದ ಅಮ್ಮ ಬರುವವರಿದ್ದಾರೆ. ಇಷ್ಟರ ನಡುವೆ ಆಸ್ಪತ್ರೆಯವರು ‘ನೀವು ಅಮೆರಿಕದಲ್ಲಿ ಕಾನೂನುಬದ್ಧವಾಗಿ ಇದ್ದೀರಾ’ ಎಂದು ಕೇಳಿದ್ದಾರೆ. ಉತ್ತರ ವೀಸಾದವರ ಕೈ ಸೇರುತ್ತದೆಯೇ, ಹೆರಿಗೆಗೆ ಬೇರೆ ರಾಜ್ಯಕ್ಕೆ ಹೋಗಬೇಕೇ ಎಂಬುದು ನಿಮ್ಮ ಪ್ರಶ್ನೆ.

ಎಲ್ಲಿಗೂ ಹೋಗಬೇಡಿ. ತೋರಿಸುತ್ತಿರುವ ಡಾಕ್ಟರ ಹತ್ತಿರವೇ ಹೆರಿಗೆ ಆಗಲಿ.

ಆ ಪ್ರಶ್ನೆ ನಿಮ್ಮೊಬ್ಬರನ್ನೇ ಗುರಿಯಾಗಿಸಿದ್ದಲ್ಲ. 2024ರ ಆಗಸ್ಟ್‌ನಲ್ಲಿ ಟೆಕ್ಸಾಸ್ ಗವರ್ನರ್ ಗ್ರೆಗ್ ಅಬಾಟ್ ಒಂದು ಆದೇಶ ಹೊರಡಿಸಿದರು. ಅದರಂತೆ ಬಡವರಿಗಾಗಿ ಇರುವ ಸರ್ಕಾರಿ ಆರೋಗ್ಯ ವಿಮೆ ಮೆಡಿಕೇಯ್ಡ್ ಯೋಜನೆಯಲ್ಲಿರುವ ಆಸ್ಪತ್ರೆಗಳು ಅದೇ ವರ್ಷದ ನವೆಂಬರ್ 1ರಿಂದ ರೋಗಿಗಳನ್ನು ಹೀಗೆ ಕೇಳುತ್ತಿವೆ. ದಾಖಲೆಯಿಲ್ಲದವರ ಚಿಕಿತ್ಸೆಗೆ ಎಷ್ಟು ಖರ್ಚಾಗುತ್ತದೆ ಎಂದು ಲೆಕ್ಕ ಹಾಕುವುದು ಸರ್ಕಾರ ಹೇಳಿದ ಕಾರಣ. ಉತ್ತರ ಏನೇ ಇದ್ದರೂ ಚಿಕಿತ್ಸೆಗೆ ತೊಂದರೆಯಿಲ್ಲ ಎಂದು ಆಸ್ಪತ್ರೆ ರೋಗಿಗೆ ತಿಳಿಸಲೇಬೇಕು. ಉತ್ತರ ಕೊಡಲೇಬೇಕೆಂಬ ಕಡ್ಡಾಯ ರೋಗಿಗೆ ಇಲ್ಲ. ಫ್ಲಾರಿಡಾದಲ್ಲಿ ಇದಕ್ಕೂ ಮೊದಲೇ, 2023ರಲ್ಲಿ, ಇಂಥದ್ದೇ ಕಾನೂನು ಬಂದಿತ್ತು.

ನಿಮ್ಮ ವಿಷಯದಲ್ಲಿ ಮುಚ್ಚಿಡುವಂಥದ್ದು ಏನೂ ಇಲ್ಲ. ಎಚ್‌-1ಬಿ ಅವಧಿ ಮುಗಿಯುವ ಮೊದಲೇ ಕಂಪನಿ ಅರ್ಜಿ ಹಾಕಿದ್ದರೆ, ತೀರ್ಮಾನ ಬರುವವರೆಗೆ 240 ದಿನಗಳ ತನಕ ಕೆಲಸ ಮಾಡಲು ಅವಕಾಶವಿದೆ. ಹೆಂಡತಿಯ ಎಚ್‌-4 (ಅವಲಂಬಿತರ ವೀಸಾ) ಅರ್ಜಿಯನ್ನೂ ಸಕಾಲದಲ್ಲಿ ಹಾಕಿದ್ದಾರೆಯೇ ಎಂದು ಕಂಪನಿಯ ವಕೀಲರನ್ನು ಇವತ್ತೇ ಕೇಳಿ. ಅದು ಬೇರೆಯೇ ಅರ್ಜಿ, ಎಷ್ಟೋ ಜನಕ್ಕೆ ಗೊತ್ತಿರುವುದಿಲ್ಲ. ಸಂದರ್ಶಕ ವೀಸಾದಲ್ಲಿ ಬರುವ ಅಮ್ಮನೂ ಕಾನೂನುಬದ್ಧವಾಗಿಯೇ ಇರುತ್ತಾರೆ. ಅವರ ಐ-94ರಲ್ಲಿ (ಅಮೆರಿಕ ಪ್ರವೇಶದ ದಾಖಲೆ) ನಮೂದಾದ ದಿನಾಂಕ ದಾಟದಂತೆ ನೋಡಿಕೊಂಡರೆ ಸಾಕು.

ಈ ಪ್ರಶ್ನೆಗಿಂತ ಹಳೆಯದೂ ದೊಡ್ಡದೂ ಆದ ಕಾನೂನೊಂದಿದೆ, ಅದನ್ನು ಮನೆಯವರಿಗೆಲ್ಲ ಹೇಳಿಡಿ. 1986ರ ಎಮ್ಟಾಲಾ. ಎಮರ್ಜೆನ್ಸಿ ವಿಭಾಗಕ್ಕೆ ಯಾರೇ ಬಂದರೂ ತಪಾಸಣೆ ಮಾಡಬೇಕು, ಜೀವಕ್ಕೆ ಅಪಾಯವಿದ್ದರೆ ಸ್ಥಿತಿ ಸುಧಾರಿಸುವವರೆಗೆ ನೋಡಿಕೊಳ್ಳಬೇಕು. ಹೆರಿಗೆ ನೋವು ಬಂದವರಿಗೂ ಇದು ಅನ್ವಯ. ವಿಮೆ ಇದೆಯೇ, ದುಡ್ಡು ಯಾರು ಕೊಡುತ್ತಾರೆ ಎಂದು ಕೇಳುತ್ತಾ ತಪಾಸಣೆ ತಡಮಾಡುವಂತಿಲ್ಲ. ಆದರೆ ಚಿಕಿತ್ಸೆ ಪುಕ್ಕಟೆ ಅಲ್ಲ, ಬಿಲ್ಲು ಆಮೇಲೆ ಬಂದೇ ಬರುತ್ತದೆ.

ನಮಗೆ ಕಾಗದ ಇದೆ, ನಮಗೇನು ಎಂದು ನಮ್ಮವರು ಹೇಳುವುದನ್ನು ಕೇಳಿದ್ದೇನೆ. ನನಗೆ ಅದು ಒಪ್ಪಿಗೆಯಿಲ್ಲ. ನಿಮ್ಮ ಅಪಾರ್ಟ್‌ಮೆಂಟಿನ ಸೂರು ಹೊದಿಸುವವರು, ಹೋಟೆಲಿನಲ್ಲಿ ಪಾತ್ರೆ ತೊಳೆಯುವವರು, ಹುಲ್ಲು ಕತ್ತರಿಸುವವರು, ಇವರಲ್ಲಿ ಕಾಗದವಿಲ್ಲದವರು ಬಹಳ. ಎಲ್ಲ ದಾಖಲೆ ಇರುವ ನಿಮಗೇ ಆ ಒಂದು ಸಾಲು ನಿದ್ದೆ ಕೆಡಿಸಿದೆ. ಮಗುವಿಗೆ ಜ್ವರ ಏರಿದಾಗ ಅಂಥ ಮನೆಯ ತಾಯಿಯ ಸ್ಥಿತಿ ಏನಿರಬಹುದು? ಉತ್ತರ ಬೇಕಿಲ್ಲ ಎಂದು ಎಷ್ಟು ದೊಡ್ಡ ಅಕ್ಷರದಲ್ಲಿ ಬರೆದರೂ ಹೆದರಿದವರು ಬಾಗಿಲಿಗೇ ಬರುವುದಿಲ್ಲ. ಬಂದಾಗ ಕಾಯಿಲೆ ಬಲಿತಿರುತ್ತದೆ, ಖರ್ಚೂ ಹೆಚ್ಚು. ಖರ್ಚಿನ ಲೆಕ್ಕ ಬೇಕಿದ್ದರೆ ಅದನ್ನು ಹಾಸಿಗೆಯ ಪಕ್ಕ ನಿಂತು ಕೇಳಬೇಕಿರಲಿಲ್ಲ. 2004ರಲ್ಲಿ ಆಸ್ಪತ್ರೆಗಳೇ ಇಂಥ ರೋಗಿಗಳ ಮಾಹಿತಿಯನ್ನು ಕೇಂದ್ರ ಸರ್ಕಾರಕ್ಕೆ ಒಪ್ಪಿಸಬೇಕೆಂಬ ಮಸೂದೆ ಬಂದಾಗ, ಅಮೆರಿಕ ಸಂಸತ್ತಿನ ಜನಪ್ರತಿನಿಧಿ ಸಭೆ ಅದನ್ನು 331–88 ಮತಗಳಿಂದ ತಿರಸ್ಕರಿಸಿತ್ತು. ಅಂದಿನ ಆ ವಿವೇಕ ಈಗಲೂ ಬೇಕು. ನಿಮ್ಮ ಪರಿಚಯದ ಯಾರಾದರೂ ಹೀಗೆ ಹಿಂಜರಿಯುತ್ತಿದ್ದರೆ ಉತ್ತರಿಸದೆಯೂ ಚಿಕಿತ್ಸೆ ಸಿಗುತ್ತದೆ ಎಂದು ಹೇಳಿ, ಸಾಧ್ಯವಾದರೆ ಜೊತೆಗೆ ಹೋಗಿ.

ಇನ್ನು ಅಮ್ಮನ ವಿಷಯ. ಶುಗರ್, ಬಿಪಿ ಎರಡೂ ಇದೆ ಎಂದಿದ್ದೀರಿ. ನಿಮ್ಮ ಕಂಪನಿಯ ವಿಮೆಗೆ ಸಾಮಾನ್ಯವಾಗಿ ತಂದೆ-ತಾಯಿ ಸೇರುವುದಿಲ್ಲ. ಸಂದರ್ಶಕರ ವಿಮೆ ಪ್ರತ್ಯೇಕವಾಗಿ ಮಾಡಿಸಿ, ಮೊದಲಿನಿಂದ ಇರುವ ಕಾಯಿಲೆಗೆ ಅದು ಎಷ್ಟರ ಮಟ್ಟಿಗೆ ಕೊಡುತ್ತದೆ ಎಂಬ ಭಾಗವನ್ನು ಪೂರ್ತಿ ಓದಿ. ಅವರ ಮಾತ್ರೆಗಳು ಉಳಿಯುವ ದಿನಗಳಿಗೆಲ್ಲ ಸಾಲುವಷ್ಟಿರಲಿ, ಡಾಕ್ಟರ ಚೀಟಿ ಜೊತೆಗಿರಲಿ. ಮಗು ಹುಟ್ಟಿದ ಮೇಲೆ 30 ದಿನದೊಳಗೆ ಅದರ ಹೆಸರನ್ನು ನಿಮ್ಮ ವಿಮೆಗೆ ಸೇರಿಸಿ. ಬಾಣಂತನದ ಗಡಿಬಿಡಿಯಲ್ಲಿ ಮರೆತುಹೋಗುವುದು ಅದೇ.