ಕೂಲಿ ಏರಿದರೆ ಫಿಲೇಚರ್ ಬಾಗಿಲು ಹಾಕುತ್ತದಾ?

ಓದುಗರ ಪತ್ರ: ಕನಿಷ್ಠ ಕೂಲಿ ಜಾಸ್ತಿ ಆಗಬೇಕು ಎಂದು ಹೋದ ಸಂಚಿಕೆಯಲ್ಲಿ ಬರೆದಿದ್ದೀರಿ. ನಾನು ಶಿಡ್ಲಘಟ್ಟದಲ್ಲಿ ರೇಷ್ಮೆಗೂಡಿನಿಂದ ನೂಲು ತೆಗೆಯುವ ಸಣ್ಣ ಫಿಲೇಚರ್ ನಡೆಸುತ್ತೇನೆ. ಎಂಟು ಜನ ಹೆಣ್ಣುಮಕ್ಕಳು ಕೆಲಸಕ್ಕೆ ಬರುತ್ತಾರೆ. ನೂಲಿನ ರೇಟು ನನ್ನ ಕೈಯಲ್ಲಿಲ್ಲ. ಸರ್ಕಾರ ಹೇಳಿದ ಕೂಲಿ ಕೊಟ್ಟರೆ ಮೂವರನ್ನು ಮನೆಗೆ ಕಳಿಸಬೇಕಾಗುತ್ತದೆ. ಈಗಲೇ ಕೆಲಸಕ್ಕೆ ಜನ ಸಿಗುತ್ತಿಲ್ಲ. ಬಡವರಿಗೆ ಒಳ್ಳೆಯದು ಮಾಡಲು ಹೋಗಿ ಅವರ ಅನ್ನಕ್ಕೇ ಕಲ್ಲು ಹಾಕುತ್ತೀರಿ, ಅಲ್ವಾ? (ಹೆಸರು ಬೇಡ ಎಂದು ತಿಳಿಸಿದ್ದಾರೆ)

ಸಂಪಾದಕರ ಉತ್ತರ:

ನಮಸ್ಕಾರ. ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಕೋಪದಲ್ಲಿ ಬರೆದಿದ್ದೀರಿ, ಆದರೆ ಸುಮ್ನೆ ಬರೆದಿಲ್ಲ. ನೂಲು ತೆಗೆಸುವ ಸಣ್ಣ ರೀಲರ್ ಎಂದರೆ ಅರ್ಧ ಮಾಲೀಕ, ಅರ್ಧ ಕೂಲಿಯವನು ಎಂದು ನನಗೆ ಗೊತ್ತು. ಗೂಡಿಗೆ ಕೈಯಿಂದ ದುಡ್ಡು ಹಾಕಬೇಕು, ನೂಲಿನ ದುಡ್ಡಿಗೆ ಕಾಯಬೇಕು. ಚೀನಾ ರೇಷ್ಮೆ ಅಗ್ಗಕ್ಕೆ ಬಂದರೆ ಇಲ್ಲಿ ರೇಟು ಬೀಳುತ್ತದೆ. ಹೋಟೆಲಿನವರು ಕೂಲಿ ಏರಿದರೆ ದೋಸೆಗೆ ಐದು ರೂಪಾಯಿ ಸೇರಿಸುತ್ತಾರೆ. ನಿಮಗೆ ಆ ದಾರಿ ಇಲ್ಲ.

ನಿಮ್ಮ ಭಯ ನಿಜವಾದ ಊರುಗಳೂ ಇವೆ. 1938ರಲ್ಲಿ ಅಮೆರಿಕ ಗಂಟೆಗೆ 25 ಸೆಂಟ್ ಕನಿಷ್ಠ ಕೂಲಿ ಎಂದು ಕಾನೂನು ಮಾಡಿತು. ಅದು ಅಮೆರಿಕದ ಅಧೀನದಲ್ಲಿದ್ದ ಪೋರ್ಟೊರಿಕೊ ದ್ವೀಪಕ್ಕೂ ಅನ್ವಯಿಸಿತು. ಅಲ್ಲಿ ಹೆಂಗಸರು ಮನೆಯಲ್ಲೇ ಕೂತು ಕಸೂತಿ ಹಾಕುತ್ತಿದ್ದರು. ಅವರ ಕೂಲಿ ಅದಕ್ಕಿಂತ ತುಂಬಾ ಕೆಳಗಿತ್ತು. ಕೆಲಸ ಕೊಡುತ್ತಿದ್ದವರು ಕೈ ಎತ್ತಿದರು, ಬಹಳ ಮಂದಿಯ ಕೆಲಸ ಹೋಯಿತು. 1940ರಲ್ಲಿ ಕಾನೂನನ್ನೇ ತಿದ್ದಿ, ಆ ದ್ವೀಪಕ್ಕೆ ಬೇರೆ ದರ ಗೊತ್ತು ಮಾಡಲು ದಾರಿ ಮಾಡಿಕೊಟ್ಟರು. ಊರಿನ ಶಕ್ತಿ ನೋಡದೆ ಒಂದೇ ಏಟಿಗೆ ಏರಿಸಿದರೆ ಏಟು ಬೀಳುವುದು ಬಡವರಿಗೇ. ಅದನ್ನು ನಾನು ಒಪ್ಪುತ್ತೇನೆ.

ಆದರೆ ಎಲ್ಲ ಕಡೆ ಹಾಗೇ ಆಗುತ್ತದೆ ಎಂಬ ಮಾತು ನಿಲ್ಲಲಿಲ್ಲ. 1992ರ ಏಪ್ರಿಲ್‌ನಲ್ಲಿ ನ್ಯೂಜೆರ್ಸಿ ರಾಜ್ಯ ಗಂಟೆಯ ಕೂಲಿಯನ್ನು 4.25 ಡಾಲರ್‌ನಿಂದ 5.05ಕ್ಕೆ ಏರಿಸಿತು. ಪಕ್ಕದ ಪೆನ್ಸಿಲ್ವೇನಿಯಾ ಏರಿಸಲಿಲ್ಲ. ಡೇವಿಡ್ ಕಾರ್ಡ್ ಮತ್ತು ಅಲನ್ ಕ್ರೂಗರ್ ಎಂಬ ಅರ್ಥಶಾಸ್ತ್ರಜ್ಞರು ಎರಡೂ ಕಡೆಯ 410 ಫಾಸ್ಟ್‌ಫುಡ್ ಅಂಗಡಿಗಳಲ್ಲಿ ಏರಿಕೆಗೆ ಮುಂಚೆ ಒಮ್ಮೆ, ಆಮೇಲೆ ಒಮ್ಮೆ ಲೆಕ್ಕ ತೆಗೆದರು. ಕೂಲಿ ಏರಿದ ಕಡೆ ಕೆಲಸ ಕಡಿಮೆಯಾಗಿರಲಿಲ್ಲ. ಈ ಲೆಕ್ಕ ಸರಿಯಿಲ್ಲ ಎಂದು ವಾದಿಸಿದ ಪಂಡಿತರೂ ಇದ್ದಾರೆ, ಜಗಳ ಇನ್ನೂ ಮುಗಿದಿಲ್ಲ. ಇಂಥ ಕೆಲಸಕ್ಕಾಗಿ ಕಾರ್ಡ್ ಅವರಿಗೆ 2021ರಲ್ಲಿ ನೊಬೆಲ್ ಬಂತು.

ಒಂದು ಕಡೆ ಕೆಲಸ ಹೋಯಿತು, ಇನ್ನೊಂದು ಕಡೆ ಉಳಿಯಿತು. ಯಾಕೆ? ಉತ್ತರಕ್ಕೆ ಅಮೆರಿಕಕ್ಕೆ ಹೋಗಬೇಕಿಲ್ಲ. ನಮ್ಮ ಮನೆಯಲ್ಲೇ ಇದೆ.

ನನ್ನ ಚಿಕ್ಕಮ್ಮ ಹದಿನೈದು ವರ್ಷ ಬೇಸಿನ್ ಮುಂದೆ, ಅಂದರೆ ನೂಲು ತೆಗೆಯುವ ಬಿಸಿನೀರಿನ ತೊಟ್ಟಿಯ ಮುಂದೆ, ಕೂತವರು. ಬಿಸಿನೀರಿನಲ್ಲಿ ಬೆಂದ ಗೂಡಿನಿಂದ ಎಳೆ ಹುಡುಕಿ ಹುಡುಕಿ ಬೆರಳ ತುದಿಯ ಚರ್ಮ ಬಿಳುಚಿಕೊಂಡು ಸುಲಿದಿರುತ್ತಿತ್ತು. ರಾತ್ರಿ ಸಾರಿಗೆ ಮುದ್ದೆ ಅದ್ದಿದರೆ ಖಾರ ತಾಗಿ ಕಣ್ಣಲ್ಲಿ ನೀರು ಬರುತ್ತಿತ್ತು. ಮಗಳ ಮದುವೆಗೆ ಮಾಲೀಕರಿಂದ ಮುಂಗಡ ತೆಗೆದುಕೊಂಡಿದ್ದರು. ಪಕ್ಕದ ಬೀದಿಯ ಫಿಲೇಚರಿನವರು ದಿನಕ್ಕೆ ಇನ್ನಷ್ಟು ಕೊಡುತ್ತೇವೆ ಬಾಮ್ಮ ಎಂದು ಕರೆದರು. ಹೋಗಲು ಆಗಲಿಲ್ಲ. ಮೊದಲು ಮುಂಗಡ ತೀರಿಸು, ಆಮೇಲೆ ಹೊಸ್ತಿಲು ದಾಟು ಎಂದರು ಮಾಲೀಕರು.

ಅವರ ಕೂಲಿಯನ್ನು ಸಂತೆ ನಿರ್ಧರಿಸಲಿಲ್ಲ. ಮುಂಗಡ ನಿರ್ಧರಿಸಿತು. ಬಿಟ್ಟು ಹೋಗಲಾರದ ಆಳಿಗೆ ಎಷ್ಟು ಕಡಿಮೆ ಕೊಟ್ಟರೂ ನಡೆಯುತ್ತದೆ. ಅಂಥ ಕಡೆ ಕಾನೂನು ಕೂಲಿ ಏರಿಸಿದರೆ ಕೆಲಸ ಮಾಯವಾಗುವುದಿಲ್ಲ. ಆಕೆಯ ದುಡಿಮೆಯಲ್ಲಿ ಮಾಲೀಕನಿಗೆ ಉಳಿಯುತ್ತಿದ್ದುದರಲ್ಲಿ ಸ್ವಲ್ಪ ಆಕೆಗೆ ಬರುತ್ತದೆ, ಅಷ್ಟೇ. 1982ರಲ್ಲಿ ದೆಹಲಿಯ ಏಷ್ಯನ್ ಕ್ರೀಡಾಕೂಟದ ಕಟ್ಟಡ ಕಾರ್ಮಿಕರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಕಟುವಾಗಿ ಹೇಳಿತು. ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸಿಕೊಂಡರೆ ಅದು ಸಂವಿಧಾನದ 23ನೇ ವಿಧಿ ನಿಷೇಧಿಸಿದ ಬಲವಂತದ ದುಡಿಮೆಯೇ. ಜೀತ ನೋಡಿದ ನಮ್ಮ ಸೀಮೆಯವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಿಲ್ಲ.

ನೀವೂ ಹಾಗೆ ಎಂದು ನಾನು ಹೇಳುತ್ತಿಲ್ಲ. ಆದರೆ ನಿಮ್ಮ ಪತ್ರದಲ್ಲೇ ಒಂದು ಮಾತಿದೆ. "ಕೆಲಸಕ್ಕೆ ಜನ ಸಿಗುತ್ತಿಲ್ಲ." ಮೂವರನ್ನು ಕಳಿಸಬೇಕು ಎನ್ನುವವರೂ ನೀವೇ, ಜನ ಸಿಗುತ್ತಿಲ್ಲ ಎನ್ನುವವರೂ ನೀವೇ. ಯಾಕೆ ಸಿಗುತ್ತಿಲ್ಲ? ಹುಡುಗಿಯರು ಬೆಳಗ್ಗೆ ಬಸ್ ಹತ್ತಿ ದೊಡ್ಡಬಳ್ಳಾಪುರದ ಗಾರ್ಮೆಂಟ್ಸಿಗೆ, ನರಸಾಪುರದ ಕಾರ್ಖಾನೆಗಳಿಗೆ ಹೋಗುತ್ತಿದ್ದಾರೆ. ಅಲ್ಲಿಯೂ ಸುಖವಿಲ್ಲ, ಆದರೆ ತಿಂಗಳ ಸಂಬಳವಿದೆ, ಪಿ.ಎಫ್. ಇದೆ. 2025-26ರಲ್ಲಿ ನಮ್ಮ ರಾಜ್ಯದ ನರೇಗಾ ದಿನಗೂಲಿ 370 ರೂಪಾಯಿ ಇತ್ತು, ಗಂಡಿಗೂ ಹೆಣ್ಣಿಗೂ ಒಂದೇ. ಬಿಸಿನೀರಿನಲ್ಲಿ ಕೈ ಬೇಯಿಸಿಕೊಳ್ಳುವ ಕೆಲಸಕ್ಕೆ ಅದಕ್ಕಿಂತ ಕಡಿಮೆ ಕೊಟ್ಟರೆ ಯಾರು ಬರುತ್ತಾರೆ, ನೀವೇ ಹೇಳಿ.

ಇನ್ನೊಂದು ಲೆಕ್ಕ. ಒಂದು ಕಿಲೋ ನೂಲಿಗೆ ಸುಮಾರು ಏಳು ಕಿಲೋ ಗೂಡು ಬೇಕು. ಗೂಡಿಗೆ ಕಿಲೋಗೆ 50 ರೂಪಾಯಿ ಏರಿದ ದಿನ ನಿಮ್ಮ ಖರ್ಚು ಕಿಲೋ ನೂಲಿಗೆ 350 ರೂಪಾಯಿ ಏರುತ್ತದೆ. ಅಂಥ ದಿನಗಳನ್ನು ಎಷ್ಟು ಕಂಡಿದ್ದೀರಿ! ಬೈದುಕೊಂಡೇ ಹರಾಜಿನಲ್ಲಿ ಗೂಡಿನ ಲಾಟು ಹಿಡಿದಿದ್ದೀರಿ, ಬಾಗಿಲು ಹಾಕಲಿಲ್ಲ. ಒಬ್ಬ ಹೆಣ್ಣುಮಗಳ ದಿನಗೂಲಿ 50 ರೂಪಾಯಿ ಏರಿದರೆ ಕಿಲೋ ನೂಲಿನ ಮೇಲೆ ಎಷ್ಟು ಬೀಳುತ್ತದೆ ಎಂದು ನಿಮ್ಮ ಪುಸ್ತಕ ತೆಗೆದು ನೋಡಿ.

ಕೂಲಿ ಕಡಿಮೆ ಇದ್ದರೆ ಕೆಲಸ ಉಳಿಯುತ್ತದೆ ಎಂಬ ನಂಬಿಕೆಯೂ ಪೊಳ್ಳು. ಊದುಬತ್ತಿ ಹೊಸೆಯುತ್ತಿದ್ದ ಹೆಂಗಸರನ್ನು ನೆನೆಸಿಕೊಳ್ಳಿ. ಸಾವಿರಕ್ಕೆ ಇಷ್ಟು ಎಂದು ಪುಡಿಗಾಸಿಗೆ ಹೊಸೆದರು. ಆದರೂ ಯಂತ್ರ ಬಂತು, ವಿಯೆಟ್ನಾಂನಿಂದ ಬತ್ತಿ ಬಂತು. 2019ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಆಮದಿಗೆ ಕಡಿವಾಣ ಹಾಕುವ ಹೊತ್ತಿಗೆ ಎಷ್ಟೋ ಮನೆಗಳಲ್ಲಿ ಹೊಸೆಯುವ ಹಲಗೆ ಅಟ್ಟ ಸೇರಿತ್ತು. ರೇಷ್ಮೆಯಲ್ಲೂ ಆಟೋಮ್ಯಾಟಿಕ್ ರೀಲಿಂಗ್ ಯಂತ್ರ ಬಂದಿದೆ, ಅದಕ್ಕೆ ಸರ್ಕಾರವೇ ಸಹಾಯಧನ ಕೊಡುತ್ತದೆ. ನೀವು ಕೂಲಿ ಏರಿಸಿದರೂ ಬಿಟ್ಟರೂ ಅದು ಬರುತ್ತದೆ.

ನನಗೆ ನಿಜವಾಗಿ ಸಿಟ್ಟು ಬರುವುದು ಬೇರೆ ಕಡೆ. ನೀವೊಬ್ಬರೇ ಪೂರ್ತಿ ಕೂಲಿ ಕೊಟ್ಟರೆ, ಕೊಡದ ಪಕ್ಕದವರು ಅದೇ ನೂಲನ್ನು ಅಗ್ಗಕ್ಕೆ ಮಾರುತ್ತಾರೆ. ಆಗ ಪ್ರಾಮಾಣಿಕನೇ ಮುಳುಗುತ್ತಾನೆ. ಎಲ್ಲರೂ ಕೊಟ್ಟರೆ ಆ ಭಯ ಇಲ್ಲ. ಆದರೆ 1948ರ ಕನಿಷ್ಠ ಕೂಲಿ ಕಾಯ್ದೆಯಲ್ಲಿ ಕಡಿಮೆ ಕೂಲಿ ಕೊಟ್ಟವರಿಗೆ ದಂಡ ಹೆಚ್ಚೆಂದರೆ 500 ರೂಪಾಯಿ ಇತ್ತು. ಆರು ತಿಂಗಳವರೆಗೆ ಜೈಲು ಎಂದೂ ಬರೆದಿತ್ತು. ಹಾಗೆ ಜೈಲಿಗೆ ಹೋದವರನ್ನು ನಾನಂತೂ ನೋಡಿಲ್ಲ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ವೇತನ ಸಂಹಿತೆಯಲ್ಲಿ ದಂಡ 50 ಸಾವಿರದವರೆಗೆ ಏರಿದೆ. ಕನಿಷ್ಠ ಕೂಲಿ ಸರ್ಕಾರದ ಪಟ್ಟಿಯಲ್ಲಿದ್ದ ಕೆಲಸಗಳಿಗೆ ಮಾತ್ರ ಎಂಬ ಹಳೆಯ ಕಟ್ಟೂ ಹೋಗಿದೆ. ದೊಡ್ಡವರನ್ನು ಬಿಟ್ಟು ನಿಮ್ಮಂಥವರ ಮೇಲೆ ಮಾತ್ರ ಇದನ್ನು ಪ್ರಯೋಗಿಸಿದರೆ ನಾವು ನಿಮ್ಮ ಪರವಾಗಿಯೇ ಬರೆಯುತ್ತೇವೆ. ಸಣ್ಣ ರೀಲರ್‌ಗೆ ಕಡಿಮೆ ಬಡ್ಡಿಯ ಸಾಲ ಬೇಕು, ನೂಲಿನ ದುಡ್ಡು ಬೇಗ ಕೈಸೇರಬೇಕು ಎಂದೂ ಬರೆಯುತ್ತೇವೆ. ಆದರೆ ಆ ಹೊರೆಯನ್ನು ಬೇಸಿನ್ ಮುಂದೆ ಕೂತ ಹೆಣ್ಣುಮಗಳು ಹೊರಲಿ ಎಂದು ಮಾತ್ರ ನನ್ನ ಕೈಯಲ್ಲಿ ಬರೆಯಲು ಆಗುವುದಿಲ್ಲ.

ನಿಮ್ಮ ಒಂದು ತಿಂಗಳ ಲೆಕ್ಕ ಕಳಿಸಿಕೊಡಿ. ಗೂಡು, ಸೌದೆ, ಕರೆಂಟು, ಕೂಲಿ, ಬಡ್ಡಿ, ನೂಲಿನ ರೇಟು, ಎಲ್ಲವೂ ಇರಲಿ. ಹೆಸರಿಲ್ಲದೆ ಹಾಗೇ ಅಚ್ಚು ಹಾಕುತ್ತೇವೆ. ಆ ಎಂಟು ಹೆಣ್ಣುಮಕ್ಕಳಲ್ಲಿ ಯಾರಾದರೂ ಮಾತಾಡಲು ಒಪ್ಪಿದರೆ ತಿಳಿಸಿ, ಕೆಲಸ ಬಿಟ್ಟ ಮೇಲೆ ಅವರ ಮನೆಗೇ ಬಂದು ಬರೆದುಕೊಳ್ಳುತ್ತೇನೆ.