ಫುಕಟ್ ಸಾಫ್ಟ್‌ವೇರಿಗೆ ದುಡ್ಡು ಯಾಕೆ?

ಪ್ರಶ್ನೆ: ನಾನು ಡೊಂಬಿವಲಿಯವನು. ಲ್ಯಾಮಿಂಗ್ಟನ್ ರೋಡಿನ ಅಂಗಡಿಯೊಂದರಲ್ಲಿ ಆರು ವರ್ಷ ಕಂಪ್ಯೂಟರ್ ರಿಪೇರಿ ಮಾಡಿ ಈಗ ಸ್ವಂತಕ್ಕೆ ಇಳಿದಿದ್ದೇನೆ. ವಿಂಡೋಸ್ ಬದಲಿಗೆ ಲಿನಕ್ಸ್, ಎಂಎಸ್ ಆಫೀಸ್ ಬದಲಿಗೆ ಲಿಬ್ರೆಆಫೀಸ್, ಅಂಗಡಿಯ ಲೆಕ್ಕಕ್ಕೆ ಇಆರ್‌ಪಿನೆಕ್ಸ್ಟ್ ಎಲ್ಲ ಹಾಕಿಕೊಡಲು ಬರುತ್ತದೆ. ಸಣ್ಣ ಹೋಟೆಲು, ಅಂಗಡಿಗಳಿಗೆ ಹೋಗಿ "ಎಲ್ಲ ಉಚಿತ, ಲೈಸೆನ್ಸ್ ಖರ್ಚಿಲ್ಲ" ಅಂದರೆ ಅರ್ಧ ಜನ ನಂಬುವುದಿಲ್ಲ. ಉಳಿದವರು "ಫುಕಟ್ ಅಂದಮೇಲೆ ನಿನಗೆ ಯಾಕೆ ದುಡ್ಡು?" ಅನ್ನುತ್ತಾರೆ. ಗಿರಾಕಿ ಹಿಡಿಯುವುದು ಹೇಗೆ ಸರ್?

ಉತ್ತರ: ಆ "ಉಚಿತ" ಅನ್ನುವ ಮಾತನ್ನು ಚಪ್ಪಲಿಯ ಜೊತೆ ಹೊರಗೇ ಬಿಟ್ಟು ಒಳಗೆ ಹೋಗಿ. ಪುಕ್ಕಟೆ ಸಿಕ್ಕರೆ ನನಗೊಂದು ನಮ್ಮಪ್ಪನಿಗೊಂದು ಅನ್ನುವ ಮಾತು ಗಲ್ಲಾದ ಕಂಪ್ಯೂಟರಿಗೆ ನಡೆಯುವುದಿಲ್ಲ. ಅಲ್ಲಿ ಪುಕ್ಕಟೆ ಅಂದ ಕೂಡಲೇ ಮಾಲೀಕರ ತಲೆಗೆ ಬರುವುದು "ಕೆಟ್ಟರೆ ಕೇಳುವವರಿಲ್ಲ" ಅಂತ.

ಇನ್ನೊಂದು ವಿಷಯ ನೀವೂ ನೋಡಿರುತ್ತೀರಿ. ಎಷ್ಟೋ ಕಡೆ ಈಗ ಓಡುತ್ತಿರುವುದೂ ಫುಕಟ್ಟೇ. ಯಾರೋ ಹಾಕಿಕೊಟ್ಟು ಹೋದ ವಿಂಡೋಸ್, ಯಾರದೋ ಪೆನ್‌ಡ್ರೈವಿನ ಆಫೀಸ್. ಅಂಥವರಿಗೆ ಲೈಸೆನ್ಸ್ ಖರ್ಚು ಉಳಿಸುತ್ತೇನೆ ಅಂದರೆ ಏನು ಉಳಿಯಿತು? ಅವರು ಖರ್ಚೇ ಮಾಡಿಲ್ಲ. ಕಳ್ಳ ಕಾಪಿ ಅಂತ ಗೊತ್ತಿದ್ದೂ ಬಳಸಿದರೆ 1957ರ ಕಾಪಿರೈಟ್ ಕಾಯ್ದೆಯ 63ಬಿ ಕಲಮಿನ ಪ್ರಕಾರ 7 ದಿನದಿಂದ 3 ವರ್ಷದವರೆಗೆ ಜೈಲು, 50 ಸಾವಿರದಿಂದ 2 ಲಕ್ಷದವರೆಗೆ ದಂಡ. ಇದು ನಿಮಗೆ ಗೊತ್ತಿರಲಿ. ಆದರೆ ಮೊದಲ ಭೇಟಿಯಲ್ಲೇ ಇದನ್ನು ತೆಗೆದು ಹೆದರಿಸಬೇಡಿ. ಹೆದರಿಸಿದವನನ್ನು ಯಾರೂ ಎರಡನೇ ಸಲ ಚಹಾಕ್ಕೆ ಕರೆಯುವುದಿಲ್ಲ.

ನನ್ನದೇ ಒಂದು ಕಥೆ ಕೇಳಿ. ವರ್ಷಗಳ ಹಿಂದೆ ಮುಲುಂಡಿನಲ್ಲಿ ಊರಿನ ಪರಿಚಯದವರ ಹೋಟೆಲು. ಶನಿವಾರ ರಾತ್ರಿ ಶಟರ್ ಇಳಿದ ಮೇಲೆ ಕೂತು ಹಳೆಯದೆಲ್ಲ ಅಳಿಸಿ ಲಿನಕ್ಸ್ ಹಾಕಿದೆ. ಹೊಸ ಬಿಲ್ಲಿಂಗೂ ಹಾಕಿದೆ. ಒಂದು ಪೈಸೆ ತಗೊಂಡಿರಲಿಲ್ಲ. ಭಾನುವಾರ ಬೆಳಿಗ್ಗೆ ಗಲ್ಲಾದಲ್ಲಿ ಬಿಲ್ ಬರುತ್ತಿದೆ, ಅಡುಗೆಮನೆಯ ಪ್ರಿಂಟರಿನಲ್ಲಿ ಕೆಒಟಿ (ಅಡುಗೆಯವರಿಗೆ ಹೋಗುವ ಆರ್ಡರ್ ಚೀಟಿ) ಬರುತ್ತಿಲ್ಲ. ಹುಡುಗರು "ಎರಡು ಸಾದಾ, ಒಂದು ಮೈಸೂರು" ಅಂತ ಕೂಗುತ್ತಾ ಓಡಾಡಿದರು. ನಾನು ಓಪನ್ ಸೋರ್ಸ್ (ಒಳಗಿನ ಕೋಡನ್ನು ಯಾರು ಬೇಕಾದರೂ ನೋಡಿ, ತಿದ್ದಿ, ಹಂಚಬಹುದಾದ ಸಾಫ್ಟ್‌ವೇರ್) ಅಂದರೆ ಏನು ಅಂತ ವಿವರಿಸಲು ಹೋದೆ. ಮಾಲೀಕರು ಒಂದೇ ಮಾತು ಹೇಳಿದರು: "ಅದೆಲ್ಲ ಇರಲಿ ಮಾರಾಯ್ರೆ, ಚೀಟಿ ಬರ್ತದಾ ಇಲ್ವಾ?" ಮಧ್ಯಾಹ್ನದ ಊಟದ ಹೊತ್ತಿಗೆ ಅಟ್ಟದಿಂದ ಹಳೆ ಕಂಪ್ಯೂಟರ್ ಇಳಿದು ಬಂತು.

ತಪ್ಪು ಸಾಫ್ಟ್‌ವೇರಿನದಲ್ಲ, ನನ್ನದು. ಒಂದೇ ರಾತ್ರಿಯಲ್ಲಿ ಎಲ್ಲ ಬದಲಾಯಿಸಿದ್ದು ಒಂದು ತಪ್ಪು. ದುಡ್ಡು ತಗೊಳ್ಳದೇ ಇದ್ದದ್ದು ಅದಕ್ಕಿಂತ ದೊಡ್ಡದು. ದುಡ್ಡು ಕೊಟ್ಟಿದ್ದರೆ ಅವರು ಹಿಂದಿನ ವಾರವೇ ನನ್ನನ್ನು ಕೂರಿಸಿಕೊಂಡು ಪ್ರಿಂಟರ್ ಎಲ್ಲ ಪರೀಕ್ಷೆ ಮಾಡಿಸುತ್ತಿದ್ದರು. ನಾನೂ ಜಾಸ್ತಿ ಜವಾಬ್ದಾರಿಯಿಂದ ಇರುತ್ತಿದ್ದೆ.

ಹಾಗಾಗಿ ಸಣ್ಣ ಬಾಗಿಲಿನಿಂದ ಒಳಗೆ ಹೋಗಿ. ಮುಂಬೈಯಲ್ಲಿ ಆ ಬಾಗಿಲು ಬ್ಯಾಕಪ್. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿಯಿತು. ಆ ದಿನವನ್ನು ಕಂಡ ಅಂಗಡಿಯವರಿಗೆ ನೆಲದ ಮೇಲಿಟ್ಟ ಸಿಪಿಯು ಅಂದರೆ ಏನು ಅಂತ ಬಿಡಿಸಿ ಹೇಳಬೇಕಿಲ್ಲ. ಮೇ ತಿಂಗಳಲ್ಲಿ ಹೋಗಿ, "ಮಳೆಗೆ ಮುಂಚೆ ನಿಮ್ಮ ಲೆಕ್ಕವೆಲ್ಲ ಇನ್ನೊಂದು ಕಡೆ ಸೇಫಾಗಿ ಇಡುತ್ತೇನೆ, ದಿನಾ ರಾತ್ರಿ ತಾನಾಗಿ ಕಾಪಿ ಆಗುತ್ತದೆ" ಅನ್ನಿ. ಇದಕ್ಕೆ ಬೇಕಾದ ಸಾಫ್ಟ್‌ವೇರೆಲ್ಲ ಓಪನ್ ಸೋರ್ಸಿನಲ್ಲೇ ಇದೆ. ಅವರ ವಿಂಡೋಸನ್ನು, ಲೆಕ್ಕದ ಸಾಫ್ಟ್‌ವೇರ್ ಟ್ಯಾಲಿಯನ್ನು ಮುಟ್ಟುವ ಅಗತ್ಯವೇ ಇಲ್ಲ. ಸಣ್ಣ ಕೆಲಸ, ಸಣ್ಣ ದುಡ್ಡು. ಒಂದು ಸಲ ಡಿಲೀಟ್ ಆದ ಫೈಲನ್ನು ನೀವು ಎರಡು ನಿಮಿಷದಲ್ಲಿ ವಾಪಸ್ ತಂದುಕೊಟ್ಟರೆ, ಮುಂದಿನ ಮಾತನ್ನು ಅವರೇ ತೆಗೆಯುತ್ತಾರೆ.

ಎರಡನೇ ಬಾಗಿಲು ಹಳೆ ಕಂಪ್ಯೂಟರು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಅಪ್‌ಡೇಟ್ ನಿಂತಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಅನ್ನುವ ಭದ್ರತೆಯ ವ್ಯವಸ್ಥೆ ಕಂಪ್ಯೂಟರಿನಲ್ಲಿ ಬೇಕು, ಹಳೆ ಪ್ರೊಸೆಸರುಗಳನ್ನು ಅದು ಒಪ್ಪುವುದಿಲ್ಲ. ಚೆನ್ನಾಗಿ ಓಡುವ ಯಂತ್ರವನ್ನು ಇದೊಂದು ಕಾರಣಕ್ಕೆ ಭಂಗಾರಿಗೆ ಹಾಕುವುದು ಅಂದರೆ ಮಾಲೀಕರಿಗೆ ಹೊಟ್ಟೆ ಉರಿಯುತ್ತದೆ, ಅಲ್ವಾ? ಒಂದು ಎಸ್‌ಎಸ್‌ಡಿ, ಸ್ವಲ್ಪ ರ‍್ಯಾಮ್ ಹಾಕಿ ಲಿನಕ್ಸ್ ಮಿಂಟ್ ಹಾಕಿದರೆ ಅದು ಇನ್ನಷ್ಟು ವರ್ಷ ದುಡಿಯುತ್ತದೆ. ಮಿಂಟ್ 22ಕ್ಕೆ 2029ರವರೆಗೆ ಅಪ್‌ಡೇಟ್ ಇದೆ. ಪರದೆಯನ್ನು ಹಿಂದಿಯಲ್ಲೋ ಮರಾಠಿಯಲ್ಲೋ ಇಟ್ಟುಕೊಡಬಹುದು. ನಮ್ಮ ಹೋಟೆಲುಗಳಲ್ಲಿ ಈಗ ಕೌಂಟರಿಗೆ ಕೂರುವವರು ಊರಿನ ಹುಡುಗರೇ ಆಗಬೇಕಂತಿಲ್ಲ. ಬಿಹಾರದ ಹುಡುಗನಿಗೆ ಹಿಂದಿ ಪರದೆ ಕೊಟ್ಟು ನೋಡಿ, ಅವನೇ ನಿಮ್ಮ ಪರವಾಗಿ ಮಾಲೀಕರ ಹತ್ತಿರ ಮಾತಾಡುತ್ತಾನೆ.

ಯಾವುದನ್ನು ಮುಟ್ಟಬಾರದು ಅನ್ನುವುದೂ ಮುಖ್ಯ. ಟ್ಯಾಲಿಯನ್ನು ತೆಗೆಸಲು ಹೋಗಬೇಡಿ. ಅಂಗಡಿ ಮಾಲೀಕರದ್ದಾದರೂ ಲೆಕ್ಕದ ವಿಷಯದಲ್ಲಿ ಕೊನೆಯ ಮಾತು ಅವರ ಸಿಎದು. ಸಿಎ ಟ್ಯಾಲಿ ಫೈಲ್ ಕೇಳಿದರೆ ನಿಮ್ಮ ವಾದ ಅಲ್ಲಿಗೆ ಮುಗಿಯಿತು. ಬದಲಿಗೆ ಒಬ್ಬ ಸಿಎ ಹತ್ತಿರ ಹೋಗಿ, "ನಿಮಗೆ ತಿಂಗಳ ಕೊನೆಗೆ ಯಾವ ರೂಪದಲ್ಲಿ ಲೆಕ್ಕ ಬೇಕು?" ಅಂತ ಕೇಳಿ. ಅದೇ ರೂಪದಲ್ಲಿ ಕೊಡುವ ಹಾಗೆ ಮಾಡಿ. ಅವರಿಗೆ ಕೆಲಸ ಹಗುರಾದರೆ ನಿಮ್ಮ ಹೆಸರು ಇನ್ನಷ್ಟು ಅಂಗಡಿಗಳಿಗೆ ಹೋಗುತ್ತದೆ. ಮ್ಯಾಕ್ರೋ (ತಾನಾಗಿ ಕೆಲಸ ಮಾಡಿಸುವ ಆಜ್ಞೆಗಳು) ಇರುವ ಎಕ್ಸೆಲ್ ಶೀಟುಗಳು ಲಿಬ್ರೆಆಫೀಸಿನಲ್ಲಿ ಅನೇಕ ಸಲ ಸರಿಯಾಗಿ ಓಡುವುದಿಲ್ಲ. ಅಂಥ ಶೀಟು ಇರುವ ಕಂಪ್ಯೂಟರನ್ನು ಹಾಗೇ ಬಿಡಿ. ಪ್ರಿಂಟಿಂಗ್ ಅಂಗಡಿಗಳಿಗೆ ಡಿಸೈನ್ ಮಾಡುವ ಇಂಕ್‌ಸ್ಕೇಪ್ ಮಾರುವ ಆಸೆಯನ್ನೂ ಸದ್ಯಕ್ಕೆ ಬಿಡಿ. ಪ್ರೆಸ್ಸಿನವರು ಕೋರಲ್ ಡ್ರಾ ಫೈಲೇ ಕೇಳುತ್ತಾರೆ.

ಪೂರ್ತಿ ಬಿಲ್ಲಿಂಗ್ ಬದಲಾಯಿಸುವ ದಿನ ಬಂದಾಗ ಹಳೆಯದು ಹೊಸದು ಎರಡನ್ನೂ ಎರಡು ವಾರ ಜೊತೆಯಲ್ಲಿ ಓಡಿಸಿ. ಅವರದೇ ಥರ್ಮಲ್ ಪ್ರಿಂಟರ್, ಅವರದೇ ಬಾರ್‌ಕೋಡ್ ಸ್ಕ್ಯಾನರ್ ಇಟ್ಟು ಪರೀಕ್ಷೆ ಮಾಡಿ. ಸ್ಕ್ಯಾನರ್ ಸಾಮಾನ್ಯವಾಗಿ ಕೀಬೋರ್ಡಿನ ಹಾಗೇ ಕೆಲಸ ಮಾಡುವುದರಿಂದ ಕಾಡುವುದಿಲ್ಲ, ಕಾಡುವುದು ಪ್ರಿಂಟರೇ. ಗಣಪತಿ, ದೀಪಾವಳಿ ಹತ್ತಿರ ಇರುವಾಗ ಏನನ್ನೂ ಬದಲಿಸಬೇಡಿ.

ಈಗ "ನಿನಗೆ ಯಾಕೆ ದುಡ್ಡು" ಅನ್ನುವ ಪ್ರಶ್ನೆ. ಕೊಟೇಶನ್ನಿನಲ್ಲೇ ಬೇರೆ ಬೇರೆ ಸಾಲು ಬರೆಯಿರಿ. ಲೈಸೆನ್ಸ್ ₹0. ಅದರ ಕೆಳಗೆ ಹಾಕಿಕೊಡುವುದಕ್ಕೆ ಇಷ್ಟು, ಹುಡುಗರಿಗೆ ಕಲಿಸುವುದಕ್ಕೆ ಇಷ್ಟು, ವರ್ಷದ ಎಎಂಸಿ (ನಿರ್ವಹಣೆಯ ಒಪ್ಪಂದ) ಇಷ್ಟು. ಎಎಂಸಿ ಅಂದರೆ ಎಲ್ಲರಿಗೂ ಗೊತ್ತು, ಎಸಿಗೆ, ವಾಟರ್ ಪ್ಯೂರಿಫೈಯರಿಗೆ ಕೊಟ್ಟೇ ಇರುತ್ತಾರೆ. ಅದರಲ್ಲಿ ಎಷ್ಟು ಹೊತ್ತಿನೊಳಗೆ ಬರುತ್ತೀರಿ ಅಂತ ಬರೆಯಿರಿ. ಡೊಂಬಿವಲಿಯಿಂದ ದಾದರಿಗೆ "ಅರ್ಧ ಗಂಟೆ" ಅಂತ ಮಾತ್ರ ಬರೆಯಬೇಡಿ, ಸೆಂಟ್ರಲ್ ಲೈನು ನಿಮ್ಮ ಮಾತು ಕೇಳುವುದಿಲ್ಲ. ಕಲ್ಯಾಣದಿಂದ ಠಾಣೆವರೆಗೆ ಸಾಕು. ಸಣ್ಣ ತೊಂದರೆಗಳನ್ನು ಮನೆಯಿಂದಲೇ ನೋಡಲು ರಸ್ಟ್‌ಡೆಸ್ಕ್ ಇದೆ, ಅದೂ ಓಪನ್ ಸೋರ್ಸೇ.

ಪ್ರಶ್ನೆ: ಪುಕ್ಕಟೆ ಸಿಗುವ ಸಾಫ್ಟ್‌ವೇರಿಗೆ ಗಿರಾಕಿಯಿಂದ ದುಡ್ಡು ತಗೊಂಡರೆ ಕಾನೂನಿನ ತೊಂದರೆ ಬರುತ್ತದಾ? — ಠಾಣೆಯ ಓದುಗರು

ಉತ್ತರ: ಇಲ್ಲ. ಇಂಥ ಅನೇಕ ಸಾಫ್ಟ್‌ವೇರಿನ ಜೊತೆ ಬರುವ ಜಿಪಿಎಲ್ ಲೈಸೆನ್ಸೇ ದುಡ್ಡು ತಗೊಳ್ಳಲು ಒಪ್ಪಿಗೆ ಕೊಡುತ್ತದೆ. ಅದು ಹೇಳುವುದು ಇಷ್ಟೇ: ನಿಮಗೆ ಸಿಕ್ಕ ಹಕ್ಕನ್ನು ನೀವು ಯಾರಿಗೆ ಕಾಪಿ ಕೊಡುತ್ತೀರೋ ಅವರಿಂದ ಕಿತ್ತುಕೊಳ್ಳಬೇಡಿ, ಸೋರ್ಸ್ ಕೋಡ್ (ಸಾಫ್ಟ್‌ವೇರ್ ಬರೆದ ಮೂಲ ಬರಹ) ಅವರಿಗೂ ಸಿಗುವ ಹಾಗೆ ಇರಲಿ. ಇಲ್ಲಿ ಕನ್ನಡದ ಮಾತೇ ಮೇಲು. ಇಂಗ್ಲಿಷಿನಲ್ಲಿ ಎರಡಕ್ಕೂ "ಫ್ರೀ" ಅನ್ನುವ ಒಂದೇ ಪದ, ನಮ್ಮಲ್ಲಿ ಉಚಿತ ಬೇರೆ, ಮುಕ್ತ ಬೇರೆ. ಇಆರ್‌ಪಿನೆಕ್ಸ್ಟ್ ಮಾಡಿದ ಫ್ರಾಪೆ ಕಂಪನಿ ನಮ್ಮ ಮುಂಬೈಯದೇ. ಸಾಫ್ಟ್‌ವೇರನ್ನು ಜಿಪಿಎಲ್‌ನಲ್ಲಿ ಮುಕ್ತವಾಗಿ ಬಿಟ್ಟು, ಹೋಸ್ಟಿಂಗ್ ಮತ್ತು ಸರ್ವಿಸಿನಲ್ಲಿ ದುಡಿಯುತ್ತಾರೆ. ಒಂದು ಎಚ್ಚರಿಕೆ: ಓಡೂ ಥರದ ಕೆಲವು ವ್ಯವಹಾರದ ಸಾಫ್ಟ್‌ವೇರುಗಳಿಗೆ ಎರಡು ರೂಪ ಇವೆ. ಕಮ್ಯುನಿಟಿ ಆವೃತ್ತಿ ಮುಕ್ತ, ಎಂಟರ್‌ಪ್ರೈಸ್ ಆವೃತ್ತಿಗೆ ದುಡ್ಡು ಕೊಡಬೇಕು. ಗಿರಾಕಿಗೆ ತೋರಿಸುವಾಗ ಒಂದು, ಹಾಕುವಾಗ ಇನ್ನೊಂದು ಆಗಬಾರದು. ಮತ್ತೆ, ಬೇರೆಯವರ ಲೋಗೋ ಅಳಿಸಿ ನಿಮ್ಮ ಹೆಸರು ಅಂಟಿಸಿ "ನಾನೇ ಮಾಡಿದ್ದು" ಅನ್ನಬೇಡಿ.

ಪ್ರಶ್ನೆ: ನೆರೂಲಿನಲ್ಲಿ ನನ್ನದು ಸಣ್ಣ ಕೇಟರಿಂಗ್. ತಮ್ಮನ ಗೆಳೆಯನೊಬ್ಬ ಬಂದು "ಅಕ್ಕಾ, ಎಲ್ಲಾ ಓಪನ್ ಸೋರ್ಸ್ ಹಾಕಿಕೊಡ್ತೀನಿ" ಅನ್ನುತ್ತಿದ್ದಾನೆ. ನಂಬಬಹುದಾ?

ಉತ್ತರ: ಹುಡುಗನನ್ನು ನಾನು ನೋಡಿಲ್ಲ, ಆದರೆ ಏನು ಕೇಳಬೇಕು ಅಂತ ಹೇಳಬಲ್ಲೆ. ಪಾಸ್‌ವರ್ಡ್ ಎಲ್ಲ ಯಾರ ಕೈಯಲ್ಲಿರುತ್ತದೆ? ನಿಮ್ಮ ಕೈಯಲ್ಲಿ, ಕಾಗದದ ಮೇಲೆ ಬರೆದು, ಬೀರುವಿನಲ್ಲಿ ಇರಬೇಕು. ಅವನಿಗೆ ನಾಳೆ ಬೆಂಗಳೂರಿನಲ್ಲಿ ಕೆಲಸ ಸಿಕ್ಕಿ ಹೋದರೆ ಬೇರೆ ಯಾರು ನೋಡಿಕೊಳ್ಳುತ್ತಾರೆ? ನೀವು ಪ್ರೈವೇಟ್ ಲಿಮಿಟೆಡ್ ಕಂಪನಿ ಮಾಡಿಕೊಂಡಿದ್ದರೆ ಇನ್ನೊಂದು ಪ್ರಶ್ನೆಯಿದೆ. 2023ರ ಏಪ್ರಿಲ್ 1ರಿಂದ ಕಂಪನಿಗಳ ಲೆಕ್ಕದ ಸಾಫ್ಟ್‌ವೇರಿನಲ್ಲಿ ಯಾವ ಎಂಟ್ರಿ ಯಾವಾಗ ತಿದ್ದಿದ್ದು ಅನ್ನುವ ದಾಖಲೆ ಉಳಿಯಲೇಬೇಕು, ಅದನ್ನು ಆಫ್ ಮಾಡಲು ಬರಬಾರದು. ಸ್ವಂತ ಹೆಸರಿನಲ್ಲಿ ನಡೆಸುತ್ತಿದ್ದರೆ ಈ ನಿಯಮ ನಿಮಗಿಲ್ಲ.

ಅಡ್ವಾನ್ಸ್ ಕೊಡುವ ಮೊದಲು ಒಂದು ಕೆಲಸ ಮಾಡಿಸಿ. ನಿಮ್ಮ ಗಿರಾಕಿಗಳ ಹೆಸರು, ಬಾಕಿ, ಆರ್ಡರು ಒಂದಷ್ಟು ಅದರಲ್ಲಿ ತುಂಬಿಸಿ. ಆಮೇಲೆ ಅಷ್ಟನ್ನೂ ಪೆನ್‌ಡ್ರೈವಿಗೆ ತೆಗೆದುಕೊಡು ಅನ್ನಿ. ಅದನ್ನು ಅವನಿಲ್ಲದಾಗ ತಮ್ಮನ ಲ್ಯಾಪ್‌ಟಾಪಿನಲ್ಲೋ ಪಕ್ಕದ ಮನೆಯವರ ಲ್ಯಾಪ್‌ಟಾಪಿನಲ್ಲೋ ತೆರೆದು ನೋಡಿ. ಹೆಸರು, ಬಾಕಿ ಎಲ್ಲ ಸರಿಯಾಗಿ ಕಾಣಿಸಿದರೆ ಅಡ್ವಾನ್ಸ್ ಕೊಡಿ.