ಎಂಟರಲ್ಲಿ ನಾಲ್ಕೇ ಇದ್ದರೆ?

ಡೊಂಬಿವಲಿಯ ಓದುಗರೊಬ್ಬರ ಪತ್ರ: "ಬಿ.ಕಾಂ. ಆಗಿದೆ. ಭಿವಂಡಿಯ ಗೋದಾಮೊಂದರಲ್ಲಿ 3 ವರ್ಷ 4 ತಿಂಗಳಿಂದ ಅಕೌಂಟ್ಸ್ ನೋಡುತ್ತಿದ್ದೇನೆ. ಅಂಧೇರಿಯ ರಫ್ತು ಕಂಪನಿಯೊಂದು ಎಂಟು ಅರ್ಹತೆ ಕೇಳಿದೆ. ಪದವಿ, ಟ್ಯಾಲಿ, ಜಿಎಸ್‌ಟಿ, ಎಕ್ಸೆಲ್ ನನ್ನಲ್ಲಿವೆ. 5 ವರ್ಷದ ಅನುಭವ, ರಫ್ತಿನ ಲೆಕ್ಕ, ಸ್ಯಾಪ್ (ದೊಡ್ಡ ಕಂಪನಿಗಳು ಬಳಸುವ ಸಾಫ್ಟ್‌ವೇರ್) ಇಲ್ಲ. ವೆಸ್ಟರ್ನ್ ರೈಲು ಲೈನಿನ ಕಡೆ ಇರುವವರಿಗೆ ಆದ್ಯತೆ ಎಂದೂ ಇದೆ, ನಮ್ಮದು ಸೆಂಟ್ರಲ್ ಲೈನ್. ಅರ್ಜಿ ಹಾಕಲೆ?"

ಹಾಕಿ. ಆದರೆ ಇಲ್ಲದ ಆ ನಾಲ್ಕನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗಬೇಡಿ.

ಸರಕಾರಿ ನೇಮಕಾತಿಯಾಗಿದ್ದರೆ ನಮ್ಮ ಉತ್ತರ ಬೇರೆಯಿತ್ತು. ಅಲ್ಲಿ ವಯಸ್ಸು, ಪದವಿ ನಿಗದಿತ ದಿನಾಂಕಕ್ಕೆ ಸರಿಯಾಗಿರಲೇಬೇಕು. ಪರೀಕ್ಷೆ ಪಾಸಾದವರೂ ದಾಖಲೆ ಪರಿಶೀಲನೆಯಲ್ಲಿ ಹೊರಬೀಳುತ್ತಾರೆ. ಫಾರ್ಮಸಿಸ್ಟ್, ನರ್ಸ್ ಕೆಲಸಕ್ಕೆ ನೋಂದಣಿ ಬೇಕೇ ಬೇಕು. ಖಾಸಗಿ ಕಂಪನಿಯ ಪಟ್ಟಿಯಲ್ಲಿ ದಿನನಿತ್ಯದ ಕೆಲಸ, ಮ್ಯಾನೇಜರರ ಆಸೆ, ಹಳೆಯ ಜಾಹೀರಾತಿನಿಂದ ಉಳಿದ ಸಾಲು ಎಲ್ಲವೂ ಬೆರೆತಿರುತ್ತವೆ.

ನಿಮ್ಮ ನಿಜವಾದ ಕೊರತೆ ರಫ್ತಿನ ಲೆಕ್ಕ. ಅದೇ ಆ ಕಂಪನಿಯ ಹೊಟ್ಟೆಪಾಡು. ಸಂದರ್ಶನಕ್ಕೆ ಮುಂಚೆ ಇಷ್ಟನ್ನಾದರೂ ಓದಿಕೊಳ್ಳಿ: ಐಜಿಎಸ್‌ಟಿ (ಅಂತರರಾಜ್ಯ ಮಾರಾಟ, ರಫ್ತಿಗೆ ಅನ್ವಯಿಸುವ ಜಿಎಸ್‌ಟಿ) ಕಟ್ಟದೆ ಮಾಲು ಕಳಿಸಲು ಎಲ್‌ಯುಟಿ ಎಂಬ ಮುಚ್ಚಳಿಕೆ ಪತ್ರ ಬೇಕು. ಅದನ್ನು ಆರ್‌ಎಫ್‌ಡಿ-11 ನಮೂನೆಯಲ್ಲಿ ಪ್ರತಿ ಹಣಕಾಸು ವರ್ಷಕ್ಕೂ ಹೊಸದಾಗಿ ಸಲ್ಲಿಸಬೇಕು. ರಫ್ತಿನ ಇನ್‌ವಾಯ್ಸ್‌ಗಳು ಮಾರಾಟದ ವಿವರ ಕೊಡುವ ರಿಟರ್ನ್ ಆದ ಜಿಎಸ್‌ಟಿಆರ್-1ರ 6ಎ ಕೋಷ್ಟಕಕ್ಕೆ ಹೋಗುತ್ತವೆ, ಜತೆಗೆ ಶಿಪ್ಪಿಂಗ್ ಬಿಲ್ (ಕಸ್ಟಮ್ಸ್‌ಗೆ ಕೊಡುವ ರಫ್ತಿನ ದಾಖಲೆ) ನಂಬರ್, ದಿನಾಂಕ, ಬಂದರಿನ ಕೋಡ್. ಐಜಿಎಸ್‌ಟಿ ಕಟ್ಟಿ ಕಳಿಸಿದ್ದರೆ, ಇಲ್ಲಿ ಒಂದಂಕಿ ತಪ್ಪಿದರೂ ರಿಫಂಡ್ ಸಿಕ್ಕಿಕೊಳ್ಳುತ್ತದೆ. ಹೀಗೆ ಓದಿಕೊಂಡದ್ದನ್ನು ಅನುಭವ ಎಂದು ಬರೆಯಬಾರದು. "ರಫ್ತಿನ ಲೆಕ್ಕ ಮಾಡಿಲ್ಲ; ಪ್ರತಿ ತಿಂಗಳು ಜಿಎಸ್‌ಟಿಆರ್-1 ನಾನೇ ತುಂಬುತ್ತೇನೆ, 2ಬಿ ಜತೆ ಖರೀದಿ ಲೆಕ್ಕ ತಾಳೆ ಹಾಕುತ್ತೇನೆ" ಎಂದು, ನೀವು ಮಾಡುತ್ತಿರುವಷ್ಟನ್ನೇ ಬರೆಯಿರಿ (2ಬಿ ಎಂದರೆ ನಿಮಗೆ ಮಾರಿದವರು ತೋರಿಸಿದ ಇನ್‌ವಾಯ್ಸ್‌ಗಳಿಂದ ಜಿಎಸ್‌ಟಿ ಪೋರ್ಟಲ್ ತಯಾರಿಸುವ ಪಟ್ಟಿ). ತಿಂಗಳಿಗೆ ಎಷ್ಟು ಇನ್‌ವಾಯ್ಸ್ ಎಂಬ ಸಂಖ್ಯೆಯನ್ನೂ ಸೇರಿಸಿ. ಓದುವವರಿಗೆ ನಿಮ್ಮ ಕೈ ಎಷ್ಟು ಪಳಗಿದೆ ಎಂಬುದು ಆ ಸಂಖ್ಯೆಯಿಂದಲೇ ತಿಳಿಯುತ್ತದೆ.

5 ವರ್ಷದ ವಿಷಯದಲ್ಲಿ ಸುಳ್ಳು ಮಾತ್ರ ಬೇಡ. ಪಿಎಫ್ ಇದ್ದರೆ ಸೇರಿದ, ಬಿಟ್ಟ ದಿನಾಂಕಗಳು ಯುಎಎನ್ (ಪಿಎಫ್ ಸದಸ್ಯರ ಶಾಶ್ವತ ಸಂಖ್ಯೆ) ದಾಖಲೆಯಲ್ಲಿರುತ್ತವೆ. ಆಫರ್ ಕೈಗೆ ಬಂದ ಮೇಲೂ ಪರಿಶೀಲನೆಯಲ್ಲಿ ಕೆಲಸ ಕಳೆದುಕೊಳ್ಳುವುದು ಇಂಥ ಕಡೆಯೇ. ಆನ್‌ಲೈನ್ ಫಾರ್ಮಿನಲ್ಲಿ ನಿಮಗಿರುವ ಅನುಭವದ ಅಂಕಿಯನ್ನೇ ತುಂಬಿ. 5ಕ್ಕಿಂತ ಕಡಿಮೆ ಎಂದು ಅದು ನಿಮ್ಮನ್ನು ತಾನಾಗಿಯೇ ಬದಿಗೆ ಸರಿಸಬಹುದು. ಅದಕ್ಕೇ ಜಾಹೀರಾತಿನಲ್ಲಿ ಇಮೇಲ್ ಇದ್ದರೆ ಅಲ್ಲಿಗೂ ಕಳಿಸಿ.

ಸ್ಯಾಪ್ ಪಕ್ಕದಲ್ಲಿ 'ಇದ್ದರೆ ಒಳ್ಳೆಯದು' ಎಂದಿದ್ದರೆ ತಲೆ ಕೆಡಿಸಿಕೊಳ್ಳಬೇಡಿ. 'ಕಡ್ಡಾಯ' ಎಂದಿದ್ದರೆ, ಟ್ಯಾಲಿಯಲ್ಲಿ ಯಾವ ಯಾವ ವೋಚರ್ ಹಾಕುತ್ತೀರಿ ಎಂದು ವಿವರವಾಗಿ ಬರೆಯಿರಿ.

ವೆಸ್ಟರ್ನ್ ಲೈನ್ ಎನ್ನುವುದು ಮುಂಬಯಿಯ ಮಾಲೀಕರ ಹಳೆಯ ಭಯ: ದೂರದವರು ತಡವಾಗಿ ಬರುತ್ತಾರೆ, ಬೇಗ ಬಿಡುತ್ತಾರೆ. ಘಾಟ್‌ಕೋಪರ್‌ವರೆಗೆ ಲೋಕಲ್, ಅಲ್ಲಿಂದ ಅಂಧೇರಿಗೆ ಮೆಟ್ರೊ ಎಂದು ಒಂದೇ ಸಾಲು ಬರೆದರೆ ಸಾಕು. ನೋಟಿಸ್ ಅವಧಿ ಎಷ್ಟು ದಿನವೆಂದೂ ಅಲ್ಲೇ ತಿಳಿಸಿ.

ಅರ್ಜಿ ಇವತ್ತೇ ಹೋಗಲಿ. ವಿಚಾರಿಸುವ ಫೋನನ್ನು ಮಾತ್ರ 20ನೇ ತಾರೀಕು ಕಳೆದ ಮೇಲೆ ಮಾಡಿ. 11 ಜಿಎಸ್‌ಟಿಆರ್-1 ಸಲ್ಲಿಸಲು, 20 ತೆರಿಗೆ ಕಟ್ಟುವ ರಿಟರ್ನ್ ಆದ ಜಿಎಸ್‌ಟಿಆರ್-3ಬಿ ಸಲ್ಲಿಸಲು ಕಡೆಯ ದಿನ. ಆ ದಿನಗಳಲ್ಲಿ ಅಕೌಂಟ್ಸ್ ಮ್ಯಾನೇಜರರಿಗೆ ಫೋನ್ ಎತ್ತಲು ಪುರುಸೊತ್ತಿರುವುದಿಲ್ಲ, ಅದು ನಿಮಗೂ ಗೊತ್ತು.